ಉತ್ತರ ಸರಿ, ಲೆಕ್ಕ ಎಲ್ಲಿ? ಜೆಡ್ ಮರ್ಕ್ಯೂರಿಯೋ ಅವರಿಗೊಂದು ಬಹಿರಂಗ ಪತ್ರ

ಇವರಿಗೆ: ಶ್ರೀ ಜೆಡ್ ಮರ್ಕ್ಯೂರಿಯೋ, ‘ಲೈನ್ ಆಫ್ ಡ್ಯೂಟಿ’ ಧಾರಾವಾಹಿಯ ಕರ್ತೃ
ವಿಷಯ: ನಾಲ್ಕನೆಯ ಅಧಿಕಾರಿಯ ಪತ್ತೆಯ ಬಗ್ಗೆ ಆಕ್ಷೇಪಣೆ
ಉಲ್ಲೇಖ: ಬಿಬಿಸಿ ಒನ್, 2021ರ ಮೇ 2, ಭಾನುವಾರ ರಾತ್ರಿ 9 ಗಂಟೆ

ಮಾನ್ಯರೇ,

‘ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ’ ಎಂದು ಶುರುವಾಗದ್ದು ಅರ್ಜಿಯೇ ಅಲ್ಲ ಎಂದು ನಂಬಿದವರ ಮಗಳು ನಾನು. ಅಪ್ಪ ಮೂವತ್ತನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿ ದುಡಿದು ಶಿರಸ್ತೇದಾರರಾಗಿ ನಿವೃತ್ತರಾದವರು. ಈಗ ತಿಪಟೂರಿನ ಮನೆಯಲ್ಲಿದ್ದಾರೆ. ನಾನಿರುವುದು ಬರ್ಮಿಂಗ್‌ಹ್ಯಾಮಿನಲ್ಲಿ, ನಿಮ್ಮ ಮೊದಲ ಸರಣಿಯನ್ನು ಚಿತ್ರಿಸಿದ ಊರಿನಲ್ಲಿ. ನಿಮಗೆ ಕನ್ನಡ ಬಾರದೆಂಬುದು ಗೊತ್ತು. ಇರಲಿ. ನಮ್ಮ ಕಡೆ ಸರ್ಕಾರಕ್ಕೆ ಬರೆಯುವ ಅರ್ಜಿಗಳಲ್ಲಿ ಅರ್ಧಕ್ಕರ್ಧ, ಓದಬೇಕಾದವರು ಓದುವುದಿಲ್ಲ ಎಂಬ ಖಾತ್ರಿಯಿಂದಲೇ ಬರೆದವು. ಅಕ್ಕಪಕ್ಕದವರು ಓದಿದರೆ ಸಾಕು.

ಇಷ್ಟು ವರ್ಷ ಸುಮ್ಮನಿದ್ದು ಈಗೇಕೆ ಈ ತಕರಾರು ಎಂದು ನೀವು ಕೇಳಬಹುದು. 2025ರ ನವೆಂಬರಿನಲ್ಲಿ ಬಿಬಿಸಿ ಏಳನೆಯ ಸರಣಿಯನ್ನು ಪ್ರಕಟಿಸಿತು. ಕಥೆಯ ಎಸಿ-12 ಎಂಬ ತನಿಖಾ ಘಟಕಕ್ಕೆ ಹೊಸ ಹೆಸರಂತೆ, ಅದೇ ಮೂವರು ನಟರಂತೆ, ಮತ್ತೆ ಬೆಲ್‌ಫಾಸ್ಟಿನಲ್ಲೇ ಚಿತ್ರೀಕರಣವಂತೆ. ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ ಮೊದಲ ಮಾತು, ‘ಹಳೆಯ ಕಡತ ಮುಕ್ತಾಯ ಮಾಡಿದರೇನಮ್ಮ?’ ಮಾಡಿಲ್ಲ. ಅದಕ್ಕೇ ಈ ಪತ್ರ.

ಧಾರಾವಾಹಿಯನ್ನು ನೋಡಿರದ ಅಕ್ಕಪಕ್ಕದವರಿಗಾಗಿ ಒಂದೆರಡು ಮಾತು. 2012ರ ಜೂನಿನಲ್ಲಿ ಬಿಬಿಸಿ ಟೂನಲ್ಲಿ, ಹೆಚ್ಚೇನೂ ಸದ್ದಿಲ್ಲದೆ ಶುರುವಾದ ಕಥೆ ಇದು. ಭಯೋತ್ಪಾದನೆ ನಿಗ್ರಹ ದಳ ತಪ್ಪು ಮನೆಗೆ ನುಗ್ಗಿ ಕರೀಂ ಅಲಿ ಎಂಬ ಅಮಾಯಕನನ್ನು ಗುಂಡಿಟ್ಟು ಕೊಲ್ಲುತ್ತದೆ. ಎಲ್ಲರೂ ಒಂದೇ ಹೇಳಿಕೆ ಕೊಡಬೇಕೆಂದು ಮೇಲಧಿಕಾರಿ ಫಿಲಿಪ್ ಓಸ್ಬೋರ್ನ್ ಅಪ್ಪಣೆ ಮಾಡುತ್ತಾನೆ. ಸ್ಟೀವ್ ಆರ್ನಾಟ್ ಒಬ್ಬ ಒಪ್ಪುವುದಿಲ್ಲ. ಒಪ್ಪದಿದ್ದಕ್ಕೆ ಅವನು ಸಹೋದ್ಯೋಗಿಗಳ ಕಣ್ಣಲ್ಲಿ ದ್ರೋಹಿಯಾಗಿ, ಪೊಲೀಸರನ್ನೇ ತನಿಖೆ ಮಾಡುವ ಎಸಿ-12ಕ್ಕೆ ಬಂದು ಸೇರುತ್ತಾನೆ. ಅಲ್ಲಿ ಕೇಟ್ ಫ್ಲೆಮಿಂಗ್ ಇದ್ದಾಳೆ, ಉತ್ತರ ಐರ್ಲೆಂಡಿನ ದಪ್ಪ ಉಚ್ಚಾರದ ಟೆಡ್ ಹೇಸ್ಟಿಂಗ್ಸ್ ಇದ್ದಾನೆ. ಒಂದೊಂದು ಸರಣಿಗೆ ಒಬ್ಬೊಬ್ಬ ಆರೋಪಿ ಅಧಿಕಾರಿ. ಅವರೆಲ್ಲರ ಹಿಂದೆ ಸಂಘಟಿತ ಅಪರಾಧಿಗಳ ಗುಂಪೊಂದು, ಆ ಗುಂಪಿನ ಅನ್ನ ತಿನ್ನುವ ದೊಡ್ಡ ಪೊಲೀಸ್ ಅಧಿಕಾರಿಯೊಬ್ಬ. ಅವನ ಗುರುತು ‘ಎಚ್’ ಎಂಬ ಒಂದು ಅಕ್ಷರ. ಯಾರಿವನು? ಈ ಪ್ರಶ್ನೆಗೆ ಇಡೀ ಬ್ರಿಟನ್ ವರ್ಷಗಟ್ಟಲೆ ಕಾಯಿತು. ಆರನೆಯ ಸರಣಿಯ ಕೊನೆಯ ಕಂತನ್ನು ಸರಾಸರಿ 1 ಕೋಟಿ 28 ಲಕ್ಷ ಜನ ನೋಡಿದರು. 2002ರಲ್ಲಿ ಈಗಿನ ಎಣಿಕೆಯ ಪದ್ಧತಿ ಬಂದಾಗಿನಿಂದ, ದಿನನಿತ್ಯದ ಸೋಪುಗಳನ್ನು ಬಿಟ್ಟರೆ, ಬೇರೆ ಯಾವ ನಾಟಕದ ಯಾವ ಕಂತಿಗೂ ಅಷ್ಟು ಜನ ಕೂತಿರಲಿಲ್ಲ.

ಅಪ್ಪ ಅದನ್ನು ನೋಡಲಿಲ್ಲ, ಕೇಳಿದರು. ಅವರಿಗೆ ಬರುವುದು ಕಡತದ ಇಂಗ್ಲಿಷ್. ಹೇಸ್ಟಿಂಗ್ಸ್ ಬಾಯಿ ತೆರೆದರೆ ಒಂದಕ್ಷರ ತಿಳಿಯದು. ಆದ್ದರಿಂದ ಭಾನುವಾರ ರಾತ್ರಿ ನಾನು ನೋಡುವುದು, ಸೋಮವಾರ ನನ್ನ ಊಟದ ಬಿಡುವಿನಲ್ಲಿ, ಅವರ ಸಂಜೆಯ ಕಾಫಿಯ ಹೊತ್ತಿಗೆ, ಕಥೆ ಹೇಳುವುದು. 2017ರಲ್ಲಿ ನಾಲ್ಕನೆಯ ಸರಣಿ ಬಿಬಿಸಿ ಒನ್‌ಗೆ ಬಂದಾಗ ಶುರುವಾದ ಅಭ್ಯಾಸ ಇದು; ಹಿಂದಿನ ಮೂರನ್ನೂ ಬೇಸಿಗೆಯಲ್ಲಿ ಊರಿಗೆ ಹೋದಾಗ ಕೂತು ಹೇಳಿ ಮುಗಿಸಿದ್ದೆ. ಅವರಿಗೆ ಗುಂಡಿನ ಚಕಮಕಿಯಲ್ಲಿ ಆಸಕ್ತಿಯಿಲ್ಲ. ‘ಸರಿ, ಹೊಡೆದಾಡಿದರು, ಆಮೇಲೆ?’ ಎಂದು ಮುಂದೆ ಓಡಿಸುತ್ತಿದ್ದರು. ಅವರು ಕಾಯುತ್ತಿದ್ದದ್ದು ವಿಚಾರಣೆಯ ಕೋಣೆಗೆ.

ಆ ಕೋಣೆಯನ್ನು ಕಟ್ಟಿದ್ದಕ್ಕೆ ನಿಮಗೆ ಶರಣು. ಗಾಜಿನ ಗೋಡೆ, ಉದ್ದನೆಯ ಮೇಜು, ಧ್ವನಿಮುದ್ರಣ ಯಂತ್ರದ ಕಿವಿ ಕೊರೆಯುವ ದೀರ್ಘ ಸದ್ದು. ಆರೋಪಿಗೆ ತನಗಿಂತ ಕನಿಷ್ಠ ಒಂದು ದರ್ಜೆ ಮೇಲಿನ ಅಧಿಕಾರಿಯಿಂದಲೇ ವಿಚಾರಣೆ ಎಂಬ ಹಕ್ಕು. ಇಷ್ಟನೇ ದಾಖಲೆ, ಅದನ್ನು ನಿಮ್ಮ ಕಡತದಲ್ಲಿ ನೋಡಿ ಎಂದು ಒಂದೊಂದೇ ಹಾಳೆಯನ್ನು ಮುಂದಿಡುವ ಕ್ರಮ. ಅಪ್ಪ ಹತ್ತಾರು ಇಲಾಖಾ ವಿಚಾರಣೆಗಳಲ್ಲಿ ಕಡತ ಒದಗಿಸುತ್ತ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತವರು. ‘ಸುಳ್ಳು ಹೇಳುವವನು ನಿನ್ನ ಮುಖ ನೋಡುತ್ತಾನೆ, ಹಾಳೆ ನೋಡುವುದಿಲ್ಲ’ ಎನ್ನುತ್ತಿದ್ದರು. ಎರಡನೆಯ ಸರಣಿಯ ಲಿಂಡ್ಸೆ ಡೆಂಟನ್ ಆರೋಪಿಯ ಕುರ್ಚಿಯಲ್ಲಿ ಕೂತು ಕೇಳುವವರನ್ನೇ ಇಕ್ಕಟ್ಟಿಗೆ ಸಿಕ್ಕಿಸಿದ ಭಾಗವನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡಿದ್ದರು.

2021ರ ವಸಂತಕ್ಕೆ ಬರುತ್ತೇನೆ. ಆರನೆಯ ಸರಣಿ ಮಾರ್ಚ್ 21ಕ್ಕೆ ಶುರುವಾಯಿತು, ಏಳು ಕಂತು. ಅಷ್ಟು ಹೊತ್ತಿಗೆ ಇಲ್ಲಿ ಲಸಿಕೆ ಬಂದು ಉಸಿರಾಡುವಂತಾಗಿತ್ತು, ಅಲ್ಲಿ ಎರಡನೆಯ ಅಲೆ ಏಳುತ್ತಿತ್ತು. ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕಕ್ಕೆ ಬೀಗ. ನಮ್ಮ ಸೋಮವಾರದ ಫೋನಿನಲ್ಲಿ ಯಾರು ಹೋದರು, ಯಾರಿಗೆ ಹಾಸಿಗೆ ಸಿಗಲಿಲ್ಲ ಎಂಬುದು ಮೊದಲು. ಅದು ಹೇಳಿ ಸುಸ್ತಾದ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು, ‘ಸರಿ, ಆ ಹೆಣ್ಣುಮಗಳ ಕೇಸು ಏನಾಯಿತು?’ ಎನ್ನುತ್ತಿದ್ದರು. ಗೇಲ್ ವೆಲ್ಲಾ ಎಂಬ ಪತ್ರಕರ್ತೆಯನ್ನು ಕೊಂದ ಕೇಸು. ಆ ಇಪ್ಪತ್ತು ನಿಮಿಷ ನಾವಿಬ್ಬರೂ ಬೇರೆ ದೇಶದ ಸುಳ್ಳು ಸಾವೊಂದರ ನೆರಳಲ್ಲಿ ಕೂತಿರುತ್ತಿದ್ದೆವು. ನಿಮ್ಮಿಂದ ನಮಗಾದ ಉಪಕಾರ ಇದು. ಸಿಟ್ಟು ಇಷ್ಟು ಬಂದದ್ದೂ ಅದಕ್ಕೇ ಇರಬೇಕು.

ಇಯಾನ್ ಬಕಲ್ಸ್. ಮೊದಲ ಸರಣಿಯಿಂದಲೂ ಇದ್ದ ಮನುಷ್ಯ. ಸೋಮಾರಿ, ಮೊಂಡ, ಯಾವ ಕೇಸು ಕೊಟ್ಟರೂ ಹಾಳುಮಾಡುವವನು, ಆದರೂ ಬಡ್ತಿ ಪಡೆಯುತ್ತ ಹೋದವನು. ಆರನೆಯ ಸರಣಿಯ ನಡುವೆ ಎಸಿ-12 ಅವನನ್ನು ಬಂಧಿಸಿತು. ನಾವೆಲ್ಲ ‘ಪಾಪ, ಬಲಿಪಶು’ ಎಂದೆವು. ಅಪ್ಪ ಮಾತ್ರ ಕಾಫಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ‘ಇವನೇ ಕಣಮ್ಮ’ ಎಂದರು.

ಹೇಗೆ ಹೇಳುತ್ತೀರಿ ಎಂದೆ. ಅವರು ಒಂದು ಕಥೆ ಹೇಳಿದರು. ಊರೂ ಬೇಡ, ಹೆಸರೂ ಬೇಡ, ಯಾವುದೋ ಒಂದು ತಾಲ್ಲೂಕು ಕಚೇರಿ ಎಂದಿಟ್ಟುಕೊಳ್ಳಿ. ಅಲ್ಲೊಬ್ಬ ಗುಮಾಸ್ತರಿದ್ದರು. ಅವರನ್ನು ಕಂಡರೆ ಎಲ್ಲರಿಗೂ ಕನಿಕರ. ಟಿಪ್ಪಣಿ ಬರೆಯಲು ಬಾರದು, ನೆಟ್ಟಗೆ ಕೂಡಿಸಲು ಬಾರದು, ಊಟವಾದ ಮೇಲೆ ಕುರ್ಚಿಯಲ್ಲೇ ತೂಕಡಿಕೆ. ಜಮೀನಿನ ಕಡತವೊಂದು ಕಾಣೆಯಾದರೆ, ‘ಪಾಪ, ಎಲ್ಲಿಟ್ಟರೋ ಮರೆತಿರಬೇಕು’ ಎಂದು ಕಚೇರಿಯೇ ಅವರ ಪರವಾಗಿ ಉತ್ತರ ಕೊಡುತ್ತಿತ್ತು. ಹನ್ನೊಂದು ವರ್ಷ ಹೀಗೇ ನಡೆಯಿತು. ಆಮೇಲೆ ಬಂದ ಒಬ್ಬ ತಹಶೀಲ್ದಾರರು ಕಾಣೆಯಾದ ಕಡತಗಳನ್ನು ಹುಡುಕುವ ಗೋಜಿಗೇ ಹೋಗಲಿಲ್ಲ. ಟಪಾಲು ವಹಿಗಳನ್ನು ತರಿಸಿ, ಇವರ ಮೇಜಿಗೆ ಬಂದೂ ಕಾಣೆಯಾಗದ ಕಡತಗಳು ಯಾವುವು ಎಂದು ಪಟ್ಟಿ ಮಾಡಿಸಿದರು. ಬರೆದುಕೊಂಡವರು ಅಪ್ಪನೇ. ಎರಡು ದಿನ ಹಿಡಿಯಿತು. ಪಟ್ಟಿ ಮುಗಿದಾಗ ನೋಡಿದರೆ, ಕೆರೆಯ ಕೆಳಗಿನ ಒಂದೇ ಒಂದು ಮನೆತನದ ಸರ್ವೆ ನಂಬರುಗಳ ಕಡತ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕಳೆದಿರಲಿಲ್ಲ. ಅವರ ಎದುರು ವ್ಯಾಜ್ಯ ಹೂಡಿದವರ ಕಡತಗಳು ಮಾತ್ರ ಕಳೆಯುತ್ತಿದ್ದವು. ‘ಮರೆಗುಳಿಯ ಮರೆವು ಹಾಗೆ ಬೇಲಿ ನೋಡಿಕೊಂಡು ನಡೆಯುವುದಿಲ್ಲ’ ಎಂದರಂತೆ ತಹಶೀಲ್ದಾರರು. ಗುಮಾಸ್ತರು ಅಂದು ಸಂಜೆ ತೂಕಡಿಸಲಿಲ್ಲ.

ಆದ್ದರಿಂದ, ಮರ್ಕ್ಯೂರಿಯೋ ಅವರೇ, ‘ಎಚ್’ ಎಂದರೆ ಬಕಲ್ಸ್ ಎಂದು ನೀವು ತೋರಿಸಿದಾಗ ನಮ್ಮ ಮನೆಯಲ್ಲಿ ಆಶ್ಚರ್ಯವಾಗಲಿಲ್ಲ. ಇಂಗ್ಲೆಂಡ್ ಮುಖ ಸಿಂಡರಿಸಿತು. ಇಷ್ಟು ವರ್ಷ ಕಾದು ಈ ಪೆದ್ದನೇ ಎಂದು ಮಾರನೆಯ ದಿನ ನಮ್ಮ ಬೀದಿಯ ತುದಿಯ ಅಂಗಡಿಯಲ್ಲೂ ಅದೇ ಮಾತು. ನಿಮ್ಮ ಕಡೆಯವರು ಎದ್ದು ನಿಂತು, ವಾಸ್ತವ ಹೀಗೇ ಇರುತ್ತದೆ, ಭ್ರಷ್ಟಾಚಾರಕ್ಕೆ ಮಹಾ ಬುದ್ಧಿವಂತರು ಬೇಕಿಲ್ಲ, ಮೇಲಿನವರು ಕಣ್ಣು ಮುಚ್ಚಿಕೊಂಡರೆ ಸಾಧಾರಣದವನೂ ಸಾಕು ಎಂದು ವಾದಿಸಿದರು. ಆ ವಾದವನ್ನು ನಿಮಗಿಂತ ಮೊದಲು ಒಪ್ಪಿಕೊಂಡಿದ್ದವರು ನಾವು. ನಿಮ್ಮ ಉತ್ತರ ಸರಿ ಎಂದು ಮೊದಲೇ ಗೊತ್ತಿದ್ದ ಪ್ರೇಕ್ಷಕರಿಗೂ ಆ ರಾತ್ರಿ ಮೋಸಹೋದಂತೆ ಅನ್ನಿಸಿದ್ದು ಏಕೆ ಎಂಬುದೇ ನನ್ನ ಆಕ್ಷೇಪಣೆಯ ತಿರುಳು.

ಸುಳಿವಿನಿಂದ ಶುರು ಮಾಡುತ್ತೇನೆ. ಬಕಲ್ಸ್ ಸಿಕ್ಕಿಬಿದ್ದದ್ದು ಒಂದು ಕಾಗುಣಿತದ ತಪ್ಪಿನಿಂದ. ಇಂಗ್ಲಿಷಿನ ‘ಡೆಫಿನೆಟ್ಲಿ’ ಎಂಬ ಪದದಲ್ಲಿ ಐ ಬರೆಯಬೇಕಾದಲ್ಲಿ ಎ ಬರೆಯುತ್ತಿದ್ದ. ಗುಂಪಿನವರಿಗೆ ಹೋಗುತ್ತಿದ್ದ ಗುಪ್ತ ಸಂದೇಶಗಳಲ್ಲೂ ಅದೇ ತಪ್ಪು, ಅವನ ಕಚೇರಿಯ ವರದಿಗಳಲ್ಲೂ ಅದೇ ತಪ್ಪು. ಅಪ್ಪ ಇದನ್ನು ಕೇಳಿ ನಕ್ಕುಬಿಟ್ಟರು. ‘ಪರಿಶೀಲಿಸಿ ಎಂಬುದಕ್ಕೆ ಪರಿಷೀಲಿಸಿ ಎಂದು ಬರೆದವರನ್ನೆಲ್ಲ ಹಿಡಿಯಲು ಹೊರಟರೆ ನಮ್ಮ ಜಿಲ್ಲೆಯಲ್ಲಿ ಕಂದಾಯ ಇಲಾಖೆಯನ್ನೇ ಅಮಾನತು ಮಾಡಬೇಕಾಗುತ್ತದೆ.’ ಹೌದಲ್ಲವೇ? ನನ್ನ ಜೊತೆ ಕೆಲಸ ಮಾಡುವ, ಇಲ್ಲೇ ಹುಟ್ಟಿ ಬೆಳೆದ ಆರು ಜನರಲ್ಲಿ ಇಬ್ಬರು ಅದನ್ನು ಹಾಗೇ ಬರೆಯುತ್ತಾರೆ. ಅದು ಬೆರಳಚ್ಚಲ್ಲ, ನೆಗಡಿ. ಕಾಗುಣಿತದ ತಪ್ಪಿನಿಂದ ಸಂಶಯ ಶುರುವಾಗಬಹುದು, ಅದರಿಂದ ಸಾಬೀತು ಮುಗಿಯಬಾರದು.

ನೀವು ನಮ್ಮನ್ನು ಸುಳಿವಿನ ಹುಚ್ಚರನ್ನಾಗಿ ಮಾಡಿದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೂರನೆಯ ಸರಣಿಯ ಕೊನೆಯಲ್ಲಿ, ಗುಂಪಿಗೆ ಗುಟ್ಟಾಗಿ ದುಡಿಯುತ್ತಿದ್ದ ಪೊಲೀಸ್ ಅಧಿಕಾರಿ ಡಾಟ್ ಕಾಟನ್ ಸಾಯುತ್ತ ಕೊಟ್ಟ ಹೇಳಿಕೆಯಿಂದ ಈ ಅಕ್ಷರ ಹುಟ್ಟಿತು. ಎರಡು ಸರಣಿ ಕಳೆದ ಮೇಲೆ ಅವನ ಬೆರಳು ನಾಲ್ಕು ಸಲ ಮಿಡಿದದ್ದನ್ನು ತೋರಿಸಿ, ಮೋರ್ಸ್ ಸಂಕೇತದಲ್ಲಿ ನಾಲ್ಕು ಚುಕ್ಕೆ ಎಂದರೆ ಎಚ್, ಅಂದರೆ ಒಬ್ಬನಲ್ಲ, ನಾಲ್ವರು ಎಂದಿರಿ. ಸರಿ, ಲೆಕ್ಕ ಹಾಕಿದೆವು: ಕಾಟನ್, ಪೊಲೀಸ್ ಮೇಲಧಿಕಾರಿ ಹಿಲ್ಟನ್, ವಕೀಲೆ ಗಿಲ್ ಬಿಗ್ಗೆಲೋ, ಇನ್ನೊಬ್ಬರು. ಆರನೆಯ ಸರಣಿಯಲ್ಲಿ ಮಾರ್ಕಸ್ ಥರ್ವೆಲ್ ಎಂಬ ನಿವೃತ್ತ ಅಧಿಕಾರಿಯ ಭಾವಚಿತ್ರವನ್ನು ತೋರಿಸಿದಿರಿ. ನೋಡಿದರೆ ಜೇಮ್ಸ್ ನೆಸ್ಬಿಟ್! ಅಂಥ ದೊಡ್ಡ ನಟನನ್ನು ತಂದಿದ್ದಾರೆಂದರೆ ಇವನೇ ಇರಬೇಕು ಎಂದು ಊರೆಲ್ಲ ಗುಲ್ಲು. ಕೊನೆಗೆ ಆ ನಟ ಭಾವಚಿತ್ರ ಬಿಟ್ಟು ಇಳಿಯಲೇ ಇಲ್ಲ. ಥರ್ವೆಲ್ ಸ್ಪೇನಿನಲ್ಲಿ ಹೆಣವಾಗಿ ಸಿಕ್ಕಿದ. ಚೇಷ್ಟೆಯಾಗಿ ಅದು ಚೆನ್ನಾಗಿಯೇ ಇತ್ತು. ಆದರೆ ಜಾತ್ರೆ ಕಟ್ಟಿ, ತಮಟೆ ಹೊಡೆಸಿ, ಬೆಂಡುಬತ್ತಾಸಿನ ಅಂಗಡಿ ಇಟ್ಟವರು ನೀವೇ. ರಥ ಬಂದಾಗ ‘ಭಕ್ತಿ ಮುಖ್ಯ, ನೀವೇಕೆ ಬತ್ತಾಸು ಕೇಳುತ್ತೀರಿ’ ಎಂದರೆ?

ಈಗ ಮುಖ್ಯ ಮಾತು. ಕೊನೆಯ ಕಂತಿನ ಹಿಂದಿನ ವಾರ ಆರನೆಯ ಸರಣಿಯ ಆರೋಪಿ ಅಧಿಕಾರಿ ಜೋ ಡೇವಿಡ್ಸನ್‌ಳನ್ನು ವಿಚಾರಣೆಯ ಕೋಣೆಯಲ್ಲಿ ಅರ್ಧ ಗಂಟೆಯ ಹತ್ತಿರ ಕೂರಿಸಿದಿರಿ. ನೆಂಟಸ್ತಿಕೆ, ರಕ್ತ, ಬಾಲ್ಯ ಎಲ್ಲವೂ ಒಂದೊಂದೇ ಹಾಳೆಯಾಗಿ ಮೇಜಿನ ಮೇಲೆ ಬಂದವು. ಆ ಪಾತ್ರದ ನಟಿ ಕೆಲ್ಲಿ ಮ್ಯಾಕ್‌ಡೊನಾಲ್ಡ್ ಮುಖದಲ್ಲಿ ಒಂದು ಸ್ನಾಯುವೂ ಹೆಚ್ಚು ಅಲುಗಾಡಲಿಲ್ಲ, ನನ್ನ ಊಟ ತಣ್ಣಗಾಯಿತು. ಆ ಕೋಣೆಯ ಬಾಗಿಲು ಮುಂದಿನ ವಾರ ತೆರೆದು, ವರ್ಷಗಟ್ಟಲೆ ಕಾಯಿಸಿದ ಮನುಷ್ಯ ಒಳಗೆ ಬಂದು ಕೂತಾಗ ನಾನು ಎಷ್ಟು ಸಿದ್ಧಳಾಗಿದ್ದೆ ಎಂದರೆ, ಕೈಗೆ ತಟ್ಟೆಯನ್ನೇ ತೆಗೆದುಕೊಂಡಿರಲಿಲ್ಲ. ಸಿಕ್ಕಿದ್ದು ಗೊಣಗಾಟ, ಒಂದಿಷ್ಟು ಜಂಬ, ರಕ್ಷಣೆಗಾಗಿ ಚೌಕಾಸಿ. ಅವನ ಭ್ರಷ್ಟಾಚಾರವನ್ನು ಎಲ್ಲರೂ ಅಸಾಮರ್ಥ್ಯವೆಂದು ತಿಳಿದರು ಎಂಬ ಅರ್ಥದ ಒಂದು ಮಾತೂ ಬಂತು. ಒಳ್ಳೆಯ ಮಾತೇ. ಆದರೆ ಅದು ಇಡೀ ಕಂತು ದುಡಿದು ತಲುಪಬೇಕಿದ್ದ ಜಾಗ. ನೀವು ಅದನ್ನು ಚೀಟಿಯಲ್ಲಿ ಬರೆದು ಪಾತ್ರದ ಕೈಗೆ ಕೊಟ್ಟುಬಿಟ್ಟಿರಿ.

ಅವನು ಹಾಳುಮಾಡದ ಕೇಸು ಯಾವುದು? ತಹಶೀಲ್ದಾರರು ಕೇಳಿದ ಪ್ರಶ್ನೆ ಇದು. ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಮೊದಲ ಸರಣಿಯಲ್ಲಿ ಆರೋಪಿ ಅಧಿಕಾರಿ ಟೋನಿ ಗೇಟ್ಸ್‌ನ ಕೇಸುಗಳು ಬಕಲ್ಸ್ ಕೈಗೆ ಬಂದು ದಿಕ್ಕು ತಪ್ಪಿದ್ದನ್ನು ನಾವು ಕಂಡಿದ್ದೆವು. ಅಂದು ಅದು ಬರೀ ತಮಾಷೆಯಂತೆ ಕಂಡಿತ್ತು. ಆ ಹಳೆಯ ಹಾಳೆಗಳನ್ನು ಈ ಮೇಜಿನ ಮೇಲೆ ತಂದು, ಇಲ್ಲಿ ನೀನು ಮರೆತದ್ದರಿಂದ ಯಾರಿಗೆ ಲಾಭವಾಯಿತು, ಇಲ್ಲಿ ತಡಮಾಡಿದ್ದರಿಂದ ಯಾರು ತಪ್ಪಿಸಿಕೊಂಡರು ಎಂದು ಒಂದೊಂದಾಗಿ ಕೇಳಿದ್ದರೆ, ಆಗ ನಾವು ನಕ್ಕಿದ್ದೆಲ್ಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಪರಾಧಿ ನಮ್ಮ ಕಣ್ಣೆದುರೇ ಇದ್ದ, ನಮ್ಮ ನಗುವೇ ಅವನಿಗೆ ಮರೆಯಾಗಿತ್ತು ಎಂದು ಗೊತ್ತಾಗುವಾಗ ಆಗುವ ನಾಚಿಕೆ ಇದೆಯಲ್ಲ, ಅದು ನಮಗೆ ಸಲ್ಲಬೇಕಾಗಿದ್ದ ಬಾಕಿ.

ಇನ್ನೊಂದು ಹಾಳೆಯೂ ಉಳಿದಿದೆ. ಆರನೆಯ ಸರಣಿಯಲ್ಲೇ ಬಕಲ್ಸ್ ಸೆರೆಮನೆಯಲ್ಲಿದ್ದಾಗ, ಅವನ ಕಣ್ಣೆದುರೇ ವಕೀಲ ಜಿಮ್ಮಿ ಲೇಕ್‌ವೆಲ್‌ನ ಕತ್ತು ಬಿಗಿದು ಕೊಂದರು. ಬಾಯಿ ಬಿಟ್ಟವರಿಗೆ ಇದೇ ಗತಿ ಎಂದು ಅವನಿಗೇ ಪಾಠ ಹೇಳುವಂತಿತ್ತು ಆ ದೃಶ್ಯ, ಅವನು ಬಿಳಿಚಿಕೊಂಡು ಕೂತಿದ್ದ. ಕೊಲ್ಲಲು ಅಪ್ಪಣೆ ಕೊಡುವವನೇ ಇವನಾದರೆ ಯಾರು ಯಾರನ್ನು ಹೆದರಿಸುತ್ತಿದ್ದರು? ಇವನೇ ಮೇಲಿನವನು ಎಂದು ಕೊಲೆಗಾರನಿಗೆ ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲವೆಂದರೆ ಅದಕ್ಕಿಂತ ಒಳ್ಳೆಯ ಕಥೆ ಇನ್ನೊಂದಿಲ್ಲ: ತನ್ನದೇ ಯಂತ್ರದ ಹಲ್ಲಿಗೆ ಸಿಕ್ಕಿ ನಡುಗುವ, ಬಾಯಿಬಿಟ್ಟು ‘ನಾನೇ ನಿಮ್ಮ ಧಣಿ’ ಎನ್ನಲೂ ಆಗದ ಧಣಿ. ಹತ್ತು ನಿಮಿಷ ಅವನನ್ನು ಆ ಕ್ಷಣಕ್ಕೆ ವಾಪಸು ಕರೆದೊಯ್ದಿದ್ದರೆ ಸಾಕಿತ್ತು. ಕೊನೆಯಲ್ಲಿ ಸಿಕ್ಕ ವಿವರಣೆ ನನಗಂತೂ ಸಾಲಲಿಲ್ಲ.

ನಿಮಗೆ ಇದು ಬಾರದ ವಿದ್ಯೆ ಎಂದೇನಾದರೂ ಅನ್ನಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ರಯಾನ್ ಪಿಲ್ಕಿಂಗ್ಟನ್‌ನನ್ನು ನೆನೆಸಿಕೊಳ್ಳಿ. 2012ರಲ್ಲಿ ಸೈಕಲ್ ಮೇಲೆ ಗುಂಪಿನ ಚಾಕರಿ ಮಾಡಿಕೊಂಡಿದ್ದ ಚೋಟುದ್ದ ಹುಡುಗ, ಆರ್ನಾಟ್‌ನ ಬೆರಳು ಕತ್ತರಿಸಲು ಕತ್ತರಿ ಹಿಡಿದು ನಿಂತಿದ್ದ. ಅವನೇ 2019ರಲ್ಲಿ ಗುಂಪಿನ ಯುವಕನಾಗಿ ಬಂದ, ಪೊಲೀಸ್ ತರಬೇತಿಗೆ ಸೇರಿದ. 2021ರಲ್ಲಿ ಸಮವಸ್ತ್ರ ತೊಟ್ಟು ಠಾಣೆಯೊಳಗೇ ನಿಂತಿದ್ದ. ಗ್ರೆಗರಿ ಪೈಪರ್ ಎಂಬ ಒಬ್ಬನೇ ನಟ ನಮ್ಮ ಕಣ್ಣೆದುರು ಬೆಳೆದು ದೊಡ್ಡವನಾದ. ಒಂದು ವ್ಯವಸ್ಥೆ ತನ್ನ ಕಳ್ಳನನ್ನು ತಾನೇ ಹೇಗೆ ಸಾಕಿ, ಓದಿಸಿ, ಕೆಲಸ ಕೊಡಿಸುತ್ತದೆ ಎಂಬುದರ ಪ್ರತಿಯೊಂದು ಹಂತವೂ ಅಲ್ಲಿ ಇತ್ತು. ಮೊದಲ ಸರಣಿಯಲ್ಲಿ ಸತ್ತ ಜಾಕಿ ಲಾವರ್ಟಿಯ ಹೆಣವನ್ನು ಐದನೆಯ ಸರಣಿಯವರೆಗೆ ಶೈತ್ಯ ಪೆಟ್ಟಿಗೆಯಲ್ಲಿಟ್ಟು ಹೊರತೆಗೆದವರು ನೀವು. ಅಷ್ಟು ತಾಳ್ಮೆಯವರಿಗೆ ಕೊನೆಯ ರಾತ್ರಿ ಏನು ಅವಸರವಿತ್ತು?

ಸೋಮವಾರ, ಮೇ 3. ಇಲ್ಲಿ ಬ್ಯಾಂಕ್ ರಜೆ, ಹಾಗಾಗಿ ಬೆಳಗ್ಗೆಯೇ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಇಪ್ಪತ್ತನಾಲ್ಕು ರೋಗಿಗಳು ತೀರಿಕೊಂಡರಂತೆ, ಆಮ್ಲಜನಕ ಸಿಗಲಿಲ್ಲವಂತೆ. ನಾನಿಲ್ಲಿ ‘ಎಚ್’ ಯಾರೆಂದು ನೋಡುತ್ತ ಕೂತಿದ್ದ ಅದೇ ರಾತ್ರಿ. ಮುಂದಿನ ದಿನಗಳಲ್ಲಿ ಎರಡು ಜಿಲ್ಲೆಗಳ ಅಧಿಕಾರಿಗಳು ಸಿಲಿಂಡರಿನ ಲೆಕ್ಕವನ್ನು ಒಬ್ಬರ ಮೇಲೊಬ್ಬರು ಹೊರಿಸಿದ್ದನ್ನು ಪತ್ರಿಕೆಗಳಲ್ಲಿ ಓದಿದೆವು. ಅಂದು ಕಥೆ ಹೇಳಲು ನನಗೆ ಮನಸ್ಸಿರಲಿಲ್ಲ. ಅಪ್ಪನೇ ಕೇಳಿದರು. ಹೇಳಿದೆ, ಬಕಲ್ಸ್ ಎಂದು. ತಾವು ಹೇಳಿದ್ದೇ ನಿಜವಾಯಿತೆಂಬ ಗೆಲುವು ಅವರ ದನಿಯಲ್ಲಿ ಇರಲಿಲ್ಲ. ‘ಹೇಗೆ ಸಾಬೀತು ಮಾಡಿದರು?’ ಎಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಉತ್ತರ ಸರಿಯಿದೆ, ಲೆಕ್ಕ ಬಿಡಿಸಿಲ್ಲ. ನಮ್ಮ ಗಣಿತದ ಮೇಷ್ಟರಾಗಿದ್ದರೆ ಹತ್ತಕ್ಕೆ ಎರಡು ಕೊಡುತ್ತಿದ್ದರು’ ಎಂದರು. ಆಮೇಲೆ, ತಮಗೆ ತಾವೇ ಹೇಳಿಕೊಳ್ಳುವಂತೆ, ‘ಚಾಮರಾಜನಗರದ್ದೂ ಇಷ್ಟೇ. ಯಾರೋ ಒಬ್ಬರ ಹೆಸರು ಹೇಳಿ ಮುಗಿಸುತ್ತಾರೆ. ಯಾವ ಕಾಗದ ಯಾವ ಮೇಜಿನಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಯಾರು ಬರೆಯುತ್ತಾರೆ?’

ಯಾರು ಬರೆಯುತ್ತಾರೆ ಎಂಬುದಕ್ಕೆ ನಿಮ್ಮ ದೇಶದಲ್ಲೇ ಆರು ವಾರದ ಮೇಲೆ ಉತ್ತರ ಸಿಕ್ಕಿತು. ಡೇನಿಯಲ್ ಮಾರ್ಗನ್ ಎಂಬ ಖಾಸಗಿ ಪತ್ತೇದಾರನನ್ನು 1987ರ ಮಾರ್ಚ್ 10ರಂದು ಆಗ್ನೇಯ ಲಂಡನ್ನಿನ ಸಿಡನ್‌ಹ್ಯಾಮಿನ ಪಬ್ ಒಂದರ ವಾಹನ ನಿಲ್ದಾಣದಲ್ಲಿ ಕೊಡಲಿಯಿಂದ ಕೊಂದರು. ಪೊಲೀಸರು ಮತ್ತೆ ಮತ್ತೆ ತನಿಖೆ ಮಾಡಿದರು, ಇಂದಿಗೂ ಒಬ್ಬರಿಗೂ ಶಿಕ್ಷೆಯಾಗಿಲ್ಲ. 2013ರಲ್ಲಿ ನೇಮಕವಾದ ಸ್ವತಂತ್ರ ಸಮಿತಿ, ನುವಾಲಾ ಓಲೋನ್ ಅವರ ಅಧ್ಯಕ್ಷತೆಯಲ್ಲಿ, 2021ರ ಜೂನ್ 15ರಂದು 1,200ಕ್ಕೂ ಹೆಚ್ಚು ಪುಟಗಳ ವರದಿ ಕೊಟ್ಟಿತು. ತನ್ನ ಹೆಸರು ಕೆಡಬಾರದೆಂದು ಸ್ವಂತ ವೈಫಲ್ಯಗಳನ್ನು ಮುಚ್ಚಿಡುವುದು ಸಾಂಸ್ಥಿಕ ಭ್ರ‌ಷ್ಟಾಚಾರದ ಒಂದು ರೂಪ ಎಂದು ಲಂಡನ್ನಿನ ಪೊಲೀಸ್ ಇಲಾಖೆಯ ಬಗ್ಗೆ ಅದು ಹೇಳಿತು. ನೀವು ಹೇಳಬೇಕೆಂದಿದ್ದದ್ದೂ ಇದೇ ಮಾತು. ಆದರೆ ಸಮಿತಿ ಆ ಮಾತಿಗೆ ಹೇಗೆ ಬಂತು ನೋಡಿ. ಕೊಲೆಯಾದ ಜಾಗವನ್ನು ಕಾಯಲು ಯಾರನ್ನೂ ನಿಲ್ಲಿಸಲಿಲ್ಲ. ಶೋಧ ಮಾಡಲಿಲ್ಲ. ಶಂಕಿತರೆಲ್ಲ ಆ ಹೊತ್ತಿಗೆ ಎಲ್ಲಿದ್ದರೆಂದು ಕೇಳಲಿಲ್ಲ. ಇದು ಬಕಲ್ಸ್‌ನ ಕೆಲಸದಂತೆಯೇ ಇದೆಯಲ್ಲ ಎಂದು ನನಗೆ ಮೈ ಜುಮ್ಮೆಂದಿತು. ಎಲ್ಲಿಯವರೆಗೆ ಮೈಗಳ್ಳತನ, ಎಲ್ಲಿಂದ ದ್ರೋಹ ಎಂಬ ಗೆರೆಯನ್ನು ಹುಡುಕುತ್ತ ಅವರು ಎಂಟು ವರ್ಷ ಕಳೆದರು. ಅಪ್ಪನಿಗೆ ಆ ವರದಿಯ ಸುದ್ದಿಯನ್ನು ಮೂರು ಸೋಮವಾರ ಓದಿ ಹೇಳಿದೆ. ನಿಮ್ಮ ಕೊನೆಯ ಕಂತಿಗಿಂತ ಅದೇ ಅವರಿಗೆ ಹಿಡಿಸಿತು.

ನೀವು ಇಂಥ ನಿಜ ಕಥೆಗಳನ್ನು ಬಲ್ಲವರು. ಆರನೆಯ ಸರಣಿಯಲ್ಲಿ ಲಾರೆನ್ಸ್ ಕ್ರಿಸ್ಟೋಫರ್ ಎಂಬ ಕಪ್ಪು ತರುಣನ ಕೊಲೆಯನ್ನು ಪೊಲೀಸರು ಮುಚ್ಚಿಹಾಕಿದ ಕಥೆ ತಂದಾಗ, 1993ರಲ್ಲಿ ಲಂಡನ್ನಿನಲ್ಲಿ ಕೊಲೆಯಾದ ಕಪ್ಪು ತರುಣ ಸ್ಟೀಫನ್ ಲಾರೆನ್ಸ್‌ನ ಹೆಸರು ಎಲ್ಲರ ಮನಸ್ಸಿಗೂ ಬಂತು. ಆ ಎಳೆಯನ್ನು ಹಿಡಿದು ಹೋದರೆ ಬಕಲ್ಸ್ ಬಾಗಿಲ ಹೊರಗಿನ ಚಿಲಕ ಮಾತ್ರ; ಒಳಗೆ ಕೂತವನು ಓಸ್ಬೋರ್ನ್. ಮೊದಲ ಸರಣಿಯ ಮೊದಲ ಕಂತಿನಲ್ಲೇ ಸುಳ್ಳು ಹೇಳಿಕೆ ಬರೆಸಿದವನು ಆರನೆಯ ಸರಣಿಯ ಹೊತ್ತಿಗೆ ಇಡೀ ಪಡೆಯ ಮುಖ್ಯಸ್ಥನಾಗಿದ್ದಾನೆ, ಎಸಿ-12ರ ರೆಕ್ಕೆ ಕತ್ತರಿಸುತ್ತಿದ್ದಾನೆ, ಅವನನ್ನು ಯಾರೂ ಮುಟ್ಟುವುದಿಲ್ಲ. ಕೊನೆಯ ಕಂತಿನಲ್ಲಿ ನನಗೆ ನಿಜವಾಗಿ ಹೆದರಿಕೆಯಾದದ್ದು ಇದರಿಂದ. ಹೇಸ್ಟಿಂಗ್ಸ್ ತಾನು ಮಾಡಿದ ತಪ್ಪನ್ನು, ತನ್ನ ಬಾಯಿಂದ ಬಿದ್ದ ಮಾತಿನಿಂದ, ಗುಂಪಿನೊಳಗೆ ವೇಷ ಮರೆಸಿ ಸೇರಿದ್ದ ಪೊಲೀಸ್ ಜಾನ್ ಕಾರ್ಬೆಟ್ ಸತ್ತದ್ದನ್ನು, ತನ್ನ ಜಾಗಕ್ಕೆ ಬಂದ ಅಧಿಕಾರಿ ಕಾರ್ಮೈಕಲ್ ಮುಂದೆ ಒಪ್ಪಿಕೊಳ್ಳುವ ದೃಶ್ಯ ಇಡೀ ಧಾರಾವಾಹಿಯಲ್ಲೇ ಅತ್ಯಂತ ಪ್ರಾಮಾಣಿಕವಾದದ್ದು. ಆ ಪಾತ್ರದ ನಟ ಏಡ್ರಿಯನ್ ಡನ್ಬರ್ ಅಲ್ಲಿ ಹತ್ತು ವರ್ಷ ಮುದುಕನಾಗಿ ಕಂಡ. ಆಮೇಲೆ ಮೂವರೂ ಲಿಫ್ಟಿನೊಳಗೆ ಹೋದರು, ಎಸಿ-12 ಇಷ್ಟು ದುರ್ಬಲವಾಗಿ ಎಂದೂ ಇರಲಿಲ್ಲ ಎಂಬ ಬರಹ ತೆರೆಯ ಮೇಲೆ ಬಂತು. ಇದೇ ನಿಮ್ಮ ನಿಜವಾದ ಮುಕ್ತಾಯವಾಗಿತ್ತು. ಅದಕ್ಕೆ ಮೊದಲು ಅಕ್ಷರದ ಒಗಟನ್ನು ಅವಸರದಲ್ಲಿ ಬಿಡಿಸಿ ಮುಗಿಸಬೇಕಾಗಿದ್ದರಿಂದ, ಜನ ಆ ಹೊತ್ತಿಗಾಗಲೇ ಬೈಯಲು ಫೋನ್ ಕೈಗೆತ್ತಿಕೊಂಡಿದ್ದರು.

ಹೊಸ ಸರಣಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ದೊಡ್ಡ ನಟರ ಭಾವಚಿತ್ರ ಬೇಡ, ಹೊಸ ಅಕ್ಷರವೂ ಬೇಡ. ಓಸ್ಬೋರ್ನ್‌ನನ್ನು ಮರೆತಿಲ್ಲವೆಂದು ತೋರಿಸಿ. ಸಾಧ್ಯವಾದರೆ ಬಕಲ್ಸ್‌ನನ್ನು ಸೆರೆಮನೆಯಿಂದ ಒಂದು ದಿನದ ಮಟ್ಟಿಗೆ ಆ ಗಾಜಿನ ಕೋಣೆಗೆ ಕರೆಸಿ, ಹಳೆಯ ಕಡತಗಳ ಗಂಟನ್ನು ಅವನ ಮುಂದೆ ಬಿಚ್ಚಿ, ಅವಸರ ಮಾಡದೆ ಕೇಳಿಸಿ. ಗುಂಡು ಹಾರದಿದ್ದರೂ ನಡೆಯುತ್ತದೆ. ಅಪ್ಪನಂತೂ ಗುಂಡು ಹಾರಿದ ಭಾಗವನ್ನು ಓಡಿಸಿಬಿಡುತ್ತಾರೆ.

ಅವರಿಗೆ ಈಗ ಎಂಬತ್ತೊಂದು. ಕಿವಿ ಸ್ವಲ್ಪ ಮಂದವಾಗಿದೆ, ಹೆಸರುಗಳನ್ನು ಎರಡೆರಡು ಸಲ ಹೇಳಬೇಕಾಗುತ್ತದೆ. ಹೊಸ ಸರಣಿಯೂ ಭಾನುವಾರವೇ ಬರುತ್ತದೆಯೇ ಎಂದು ಮೊನ್ನೆ ಮತ್ತೆ ಕೇಳಿದರು. ಭಾನುವಾರವೇ ಇರಬೇಕು ಎಂದೆ. ಹಾಗಾದರೆ ಸೋಮವಾರ ಸಂಜೆ ಕಾಯಿ ಸುಲಿಯುವವರನ್ನು ಕರೆಯುವುದಿಲ್ಲ ಎಂದರು.

ಆದ್ದರಿಂದ ಮಾನ್ಯರು ದಯಮಾಡಿ ಈ ಬಗ್ಗೆ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ. ಪರಿಶೀಲಿಸಿ ಎಂಬುದನ್ನು ಸರಿಯಾಗಿ ಬರೆದಿದ್ದೇನೆ, ಗಮನಿಸಿ.

ಇಂತಿ ತಮ್ಮ ವಿಶ್ವಾಸಿ,
ಬರ್ಮಿಂಗ್‌ಹ್ಯಾಮಿನ ಒಬ್ಬ ಪ್ರೇಕ್ಷಕಿ

ಪ್ರತಿ: ಶಿರಸ್ತೇದಾರರು (ನಿವೃತ್ತ), ತಿಪಟೂರು, ಇವರ ಮಾಹಿತಿಗಾಗಿ. ಸೋಮವಾರ ಓದಿ ಹೇಳಲಾಗುವುದು.